ಲಂಡನ್ನಿನ ನೆಲಮಾಳಿಗೆಯಲ್ಲಿ ಮೂರು ಸಕ್ಕರೆ ಕ್ಯೂಬ್‌ಗಳು

ಲಂಡನ್ನಿನ ಸೇಂಟ್ ಜೇಮ್ಸ್ ಪಾರ್ಕಿನ ಎದುರು, ಕಿಂಗ್ ಚಾರ್ಲ್ಸ್ ಸ್ಟ್ರೀಟಿನ ಕೊನೆಯ ಮೆಟ್ಟಿಲುಗಳ ಬಳಿ ಚರ್ಚಿಲ್ ವಾರ್ ರೂಮ್ಸ್ ಸಂಗ್ರಹಾಲಯದ ಬಾಗಿಲಿದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಮತ್ತು ಅವರ ಮಂತ್ರಿಮಂಡಲ ಯುದ್ಧದ ಕೆಲಸ ನಡೆಸಿದ ನೆಲಮಾಳಿಗೆ ಇದು. ಮೆಟ್ಟಿಲುಗಳ ಮೇಲೆ ನಿಂತಿರುವುದು ಪ್ಲಾಸಿಯ ರಾಬರ್ಟ್ ಕ್ಲೈವನ ಪ್ರತಿಮೆ. ಭಾರತದಿಂದ ಹೋದವರು ಕೆಳಗಿಳಿಯುವ ಮೊದಲು ಅದನ್ನೊಮ್ಮೆ ನೋಡಬೇಕು. 1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿದಾಗ, ವೈಸರಾಯ್ ಲಿನ್‌ಲಿತ್‌ಗೋ ನಮ್ಮ ನಾಯಕರನ್ನು ಒಂದು ಮಾತೂ ಕೇಳದೆ ಭಾರತವನ್ನೂ ಅದರೊಳಗೆ ಎಳೆದರು. ಇದನ್ನು ಪ್ರತಿಭಟಿಸಿ ಪ್ರಾಂತ್ಯಗಳ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟವು. ಧಾರವಾಡ, ಬೆಳಗಾವಿಗಳು ಆಗ ಸೇರಿದ್ದ ಮುಂಬೈ ಪ್ರಾಂತ್ಯದ ಸರ್ಕಾರವೂ ಅವುಗಳಲ್ಲಿ ಒಂದು.

ಯುದ್ಧ ಘೋಷಣೆಗೆ ಒಂದು ವಾರ ಮೊದಲೇ, ಆಗಸ್ಟ್ 27ರಂದು, ಈ ನೆಲಮಾಳಿಗೆ ಕೆಲಸ ಆರಂಭಿಸಿತ್ತು. ಮಂತ್ರಿಮಂಡಲದ ಕೋಣೆಯಲ್ಲಿ ಚರ್ಚಿಲ್ ಕುಳಿತ ಕುರ್ಚಿಯ ಕೈಗಳ ಮೇಲೆ ಅವರ ಉಗುರು ಮತ್ತು ಉಂಗುರ ಗೀರಿದ ಗುರುತುಗಳಿವೆ. ಅಮೆರಿಕದ ಅಧ್ಯಕ್ಷರೊಡನೆ ಮಾತನಾಡುತ್ತಿದ್ದ ದೂರವಾಣಿಯ ಪುಟ್ಟ ಕೋಣೆಗೆ ಶೌಚಾಲಯದ ಬಾಗಿಲಿನ ಚಿಲಕವಿತ್ತು. ಪ್ರಧಾನಿಯವರ ಖಾಸಗಿ ಶೌಚಾಲಯವೆಂದೇ ಸಿಬ್ಬಂದಿ ನಂಬಿದ್ದರಂತೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ದೊಡ್ಡವರ ಕೋಣೆಗಳಲ್ಲ, ಗುಮಾಸ್ತರ ಮತ್ತು ಬೆರಳಚ್ಚುಗಾರ್ತಿಯರ ಬದುಕು. ಹಗಲಿನ ಬೆಳಕನ್ನೇ ಕಾಣದ ಅವರಿಗೆ ಕೃತಕ ಬಿಸಿಲಿನ ದೀಪದ ಮುಂದೆ ನಿಲ್ಲುವ ವ್ಯವಸ್ಥೆಯಿತ್ತು, ಹೊರಗಿನ ಹವಾಮಾನ ತಿಳಿಸಲು ಗೋಡೆಗೊಂದು ಫಲಕವಿತ್ತು, ಮೇಲೆ ಬಾಂಬು ಬೀಳುತ್ತಿರುವಾಗ ಆ ಫಲಕದಲ್ಲಿ ‘ಗಾಳಿ ಜೋರು’ ಎಂದು ಹಾಕುತ್ತಿದ್ದರು.

ನಕ್ಷೆಗಳ ಕೋಣೆಯೇ ಇಲ್ಲಿಯ ಸಾರ. ಹಗಲಿರುಳು ಅಧಿಕಾರಿಗಳು ದುಡಿದ ಈ ಕೋಣೆಯ ದೀಪಗಳು ಆರಿದ್ದು 1945ರ ಆಗಸ್ಟ್ 16ರಂದು. ಅಟ್ಲಾಂಟಿಕ್ ನಕ್ಷೆಯಲ್ಲಿ ಹಡಗುಗಳ ದಾರಿಯುದ್ದಕ್ಕೂ ಗುಂಡುಸೂಜಿ ಚುಚ್ಚಿ ಚುಚ್ಚಿ ಕಾಗದವೇ ಸವೆದಿದೆ. ಒಬ್ಬ ಅಧಿಕಾರಿ ಮೇಜಿನ ಡ್ರಾಯರಿನಲ್ಲಿ, ಲಕೋಟೆಯೊಳಗೆ ಬಚ್ಚಿಟ್ಟಿದ್ದ ಮೂರು ಸಕ್ಕರೆ ಕ್ಯೂಬ್‌ಗಳು ದಶಕಗಳ ನಂತರ ಸಿಕ್ಕಿದವು. 1940ರ ಜನವರಿ 8ರಂದು ಬ್ರಿಟನ್ನಿನಲ್ಲಿ ಸಕ್ಕರೆ, ಬೆಣ್ಣೆ, ಬೇಕನ್‌ಗಳಿಗೆ ಪಡಿತರ ಬಂತು. ತಲೆಗೆ ವಾರಕ್ಕೆ 12 ಔನ್ಸ್ ಇದ್ದ ಸಕ್ಕರೆ ಅದೇ ವರ್ಷ 8 ಔನ್ಸಿಗೆ, ಅಂದರೆ ಸುಮಾರು 225 ಗ್ರಾಮಿಗೆ ಇಳಿಯಿತು. ಸಕ್ಕರೆ ಪಡಿತರದಿಂದ ಹೊರಬಂದದ್ದು 1953ರಲ್ಲಿ, ಯುದ್ಧ ಗೆದ್ದು ಎಂಟು ವರ್ಷವಾದ ಮೇಲೆ. ಸಕ್ಕರೆ ತರುತ್ತಿದ್ದ ಹಡಗಿನ ದಾರಿಗೂ ಚಹಾದ ಲೋಟಕ್ಕೂ ಇದ್ದ ನಂಟನ್ನು ನಕ್ಷೆ ಮತ್ತು ಆ ಲಕೋಟೆ ಒಂದೇ ಕೋಣೆಯಲ್ಲಿ ಹೇಳಿಬಿಡುತ್ತವೆ.

ಚರ್ಚಿಲರ ಜೀವನಕ್ಕೆ ಮೀಸಲಾದ ವಿಭಾಗವನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಅದೇ ಒಂದು ಪೂರ್ತಿ ಸಂಗ್ರಹಾಲಯದಷ್ಟಿದೆ. ಧ್ವನಿ ಮಾರ್ಗದರ್ಶಿ ಟಿಕೆಟ್ಟಿನಲ್ಲೇ ಸೇರಿದೆ. ಎರಡು ಗಂಟೆಯಾದರೂ ಬೇಕು. ನಮ್ಮನ್ನು ಕರೆದೊಯ್ದ ಪ್ರವಾಸ ಸಂಸ್ಥೆಯವರು ಮುಕ್ಕಾಲು ಗಂಟೆ ಕೊಟ್ಟಿದ್ದರಿಂದ ಮರುದಿನ ಮತ್ತೆ ಹಣ ತೆತ್ತು ಹೋಗಬೇಕಾಯಿತು. ಸಾಧ್ಯವಿದ್ದರೆ, ಪಡಿತರ ಚೀಟಿ ಹಿಡಿದು ಸೊಸೈಟಿಯ ಮುಂದೆ ಸಾಲು ನಿಂತ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಮೊದಲ ದಿನ ನಾನು ನೋಡದೆ ದಾಟಿದ್ದ ಆ ಸಕ್ಕರೆಯನ್ನು ಎರಡನೆಯ ದಿನ ಕಂಡು ತೋರಿಸಿದವರು ನನ್ನ ಅಮ್ಮ.