ಹಾಸನದ ಗುಜರಿಯಲ್ಲಿ ಕಮಾನ್ ಪಟ್ಟಿ ಕೊಳ್ಳುವವರು ಒಂದು ನಿಮಿಷ ನಿಲ್ಲಿ

ಮೊದಲೇ ಹೇಳಿಬಿಡುತ್ತೇನೆ, ನನ್ನದೂ ತಪ್ಪಿದೆ. ಆದರೆ ಆ ಗುಜರಿಯವನದು ಶುದ್ಧ ಮೋಸ. ಎರಡು ವಾರ ಆಯ್ತು, ಇನ್ನೂ ಹೊಟ್ಟೆ ಉರಿ ಆರಿಲ್ಲ.

ನಮ್ಮೂರು ಬೇಲೂರು ಕಡೆ. ವಿಜಯದಶಮಿಗೆ ಬಾಳೆಗಿಡ ನೆಟ್ಟು ಅಂಬು ಹೊಡೆಯುತ್ತೇವೆ. ಹಳೇ ಅಂಬಿನ ಮೊನೆಗಳು ತುಕ್ಕು ಹಿಡಿದು ಉದುರುತ್ತಿದ್ದವು. ಮಾಡಿಕೊಡುತ್ತಿದ್ದ ಆಚಾರ್ರಿಗೆ ಈಗ ಕೈ ನಡುಕ, ಕುಲುಮೆ ನಿಲ್ಲಿಸಿ ಎರಡು ವರ್ಷ. ದೇವಸ್ಥಾನದ ಕಟ್ಟೆ ಮೇಲೆ ಈ ಮಾತು ಬಂದಾಗ ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. "ಒಂಬತ್ತು ಮೊನೆ ತಾನೆ, ನಾನ್ ಮಾಡ್ತೀನಿ ಬಿಡಿ" ಅಂದುಬಿಟ್ಟೆ. ಹುಡುಗನಾಗಿದ್ದಾಗ ಆಚಾರ್ರ ತಿದಿ ಒತ್ತಿದ್ದೆ, ಒಂದೆರಡು ಕುಡುಗೋಲು ತಟ್ಟಿದ್ದೆ. ಅಷ್ಟೇ ನನ್ನ ಬಂಡವಾಳ.

ಕತ್ತಿ, ಮಚ್ಚು, ಮೊನೆ ಯಾವುದಕ್ಕೇ ಆಗಲಿ ಹಳೇ ಕಮಾನ್ ಪಟ್ಟಿಯೇ, ಅಂದರೆ ಲಾರಿ, ಜೀಪಿನ ಅಡಿಯಲ್ಲಿ ಸ್ಪ್ರಿಂಗಿನ ಹಾಗೆ ಇರುವ ಬಾಗಿದ ಉಕ್ಕಿನ ಪಟ್ಟಿಯೇ ಬೇಕು ಅಂತ ಎಲ್ಲರಿಗೂ ಗೊತ್ತು. ಆ ಉಕ್ಕಿನಲ್ಲಿ ಇಂಗಾಲ ಶೇಕಡಾ 0.5ರಿಂದ 0.6ರಷ್ಟು ಇರುತ್ತದೆ, ಅದಕ್ಕೇ ಕಾಯಿಸಿ ಎಣ್ಣೆಗೆ ಅದ್ದಿದರೆ ಗಟ್ಟಿಯಾಗುತ್ತದೆ. ಗೇಟಿಗೆ ಹಾಕುವ ಪಟ್ಟಿಯಲ್ಲಿ 0.25 ಕೂಡ ಇರುವುದಿಲ್ಲ. ಅದನ್ನು ಎಷ್ಟು ಸಲ ಅದ್ದಿದರೂ ಮೆತ್ತಗೇ.

ಇಷ್ಟೆಲ್ಲಾ ಗೊತ್ತಿದ್ದೂ ಟೋಪಿ ಹಾಕಿಸಿಕೊಂಡು ಬಂದೆ.

ಅಂಗಡಿಯಲ್ಲಿ ಅವನು ತೋರಿಸಿದ್ದು ಒಂದೂವರೆ ಅಡಿಯ ನಾಲ್ಕು ತುಂಡು. ಮೈತುಂಬ ಕಪ್ಪು ಬಣ್ಣ, ಮೇಲೆ ಗ್ರೀಸು. "ಕಮಾನ್ ಪಟ್ಟಿ ಅಂತೀಯ, ಬಾಗೇ ಇಲ್ವಲ್ಲಪ್ಪ" ಅಂದೆ. "ಕಾಯ್ಸಿ ನೇರ ಮಾಡ್ಸಿದೀವಿ ಸಾರ್, ನಿಮ್ಗೆ ಕೆಲ್ಸ ಕಮ್ಮಿ." "ಇಷ್ಟು ತೆಳುವಾ?" "ಜೀಪಿಂದು ಸಾರ್. ಲಾರೀದು ದಪ್ಪ." ನಮ್ಮ ಕಡೆ ಜೀಪಿಗೇನು ಬರ, ನಂಬಿದೆ. ಗ್ರೈಂಡರ್‌ಗೆ ಒಮ್ಮೆ ಕೊಡು, ಕಿಡಿ ನೋಡೋಣ ಅಂದೆ. "ಕರೆಂಟ್ ಹೋಗಿದೆ ಸಾರ್" ಅಂದ.

ಅವನ ತಲೆ ಮೇಲೆ ಫ್ಯಾನ್ ತಿರುಗುತ್ತಿತ್ತು. ಅಲ್ಲೇ ನಿಂತಿದ್ದೆ, ಆ ಗಾಳಿ ನನಗೂ ಬೀಸುತ್ತಿತ್ತು. ಹೊಳೆಯಲೇ ಇಲ್ಲ! ರಾತ್ರಿ ಮಲಗಿದರೆ ಈಗಲೂ ಆ ಫ್ಯಾನೇ ಕಣ್ಣ ಮುಂದೆ ಬರುತ್ತದೆ.

ಆಮೇಲೆ ಡ್ರಾಯರ್‌ನಿಂದ ಒಂದು ಮ್ಯಾಗ್ನೆಟ್ ತೆಗೆದು ಪಟ್ಟಿಗೆ ಟಕ್ ಅಂತ ಅಂಟಿಸಿದ. "ನೋಡಿ ಸಾರ್, ಹೆಂಗ್ ಹಿಡೀತು. ಅಸಲಿ ಉಕ್ಕು." ನಾನು ತಲೆ ಆಡಿಸಿದೆ. ಮ್ಯಾಗ್ನೆಟ್ ಹಳೇ ಮೊಳೆಯನ್ನೂ ಹಿಡಿಯುತ್ತದೆ, ಮುರಿದ ಬಕೆಟ್ಟಿನ ಹಿಡಿಯನ್ನೂ ಹಿಡಿಯುತ್ತದೆ! ಕೆಜಿಗೆ 150ರಂತೆ ನಾಲ್ಕು ಕೆಜಿ ಚಿಲ್ಲರೆಗೆ 650 ರೂಪಾಯಿ ಫೋನಿನಲ್ಲೇ ಹಾಕಿದೆ. ಬಿಲ್ಲೂ ಕೇಳಲಿಲ್ಲ. ಗುಜರಿಯಲ್ಲಿ ಯಾರು ಬಿಲ್ಲು ಕೇಳುತ್ತಾರೆ?

ಮನೆಗೆ ಬಂದು ಹ್ಯಾಕ್ಸಾದಲ್ಲಿ ಕೊಯ್ದೆ. ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ನಿಜವಾದ ಕಮಾನ್ ಪಟ್ಟಿಯ ಮೇಲೆ ಬ್ಲೇಡು ಜಾರಬೇಕು, ಹಲ್ಲು ಸವೆಯಬೇಕು. ನಾನು ಮಾತ್ರ ಬ್ಲೇಡು ಒಳ್ಳೇದು ಅಂತ ಹೆಂಡತಿಗೆ ತೋರಿಸಿದೆ.

ಆಚಾರ್ರ ಕುಲುಮೆಯಲ್ಲೇ ಇದ್ದಿಲು ಹಾಕಿ ಕಾಯಿಸಿದೆ. ಬಣ್ಣ ಸುಟ್ಟುಹೋಯಿತು, ಆದರೆ ಹೊಗೆ ನಿಲ್ಲಲಿಲ್ಲ. ಬಿಳೀ ಹೊಗೆ. ಉರಿಯ ಅಂಚಿನಲ್ಲಿ ಒಂಥರಾ ಹಸಿರು. ಪಟ್ಟಿಯ ಮೇಲೆ ಬೂರುಗದ ಹತ್ತಿಯ ಹಾಗೆ ಬೆಳ್ಳಗೆ ಏನೋ ಎದ್ದು ಹಾರಾಡುತ್ತಿತ್ತು. ಗ್ರೀಸಿರಬೇಕು ಅಂತ ಬಗ್ಗಿ ಬಗ್ಗಿ ನೋಡಿದೆ. ಸಂಜೆ ಹೊತ್ತಿಗೆ ಬಾಯೆಲ್ಲ ಕಬ್ಬಿಣದ ರುಚಿ, ರಾತ್ರಿ ಚಳಿ ಜ್ವರ, ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಬೆಳಿಗ್ಗೆ ಡಾಕ್ಟ್ರು ನೋಡಿ ಕೇಳಿದ ಮೊದಲ ಮಾತೇ "ವೆಲ್ಡಿಂಗ್ ಮಾಡ್ತೀರಾ?" ಸತುವಿನ ಹೊಗೆ ಕುಡಿದರೆ ಹೀಗೆ ಆಗುತ್ತದಂತೆ. ಒಂದೆರಡು ದಿನದಲ್ಲಿ ಇಳಿಯಿತು. ಕಮಾನ್ ಪಟ್ಟಿಗೂ ಸತುವಿಗೂ ಏನು ಸಂಬಂಧ ಅಂತ ಆಗಲೂ ಯೋಚಿಸಲಿಲ್ಲ. ಹಬ್ಬಕ್ಕೆ ಮೂರೇ ದಿನ ಇತ್ತು.

ಹೇಗೋ ಮೊನೆ ತಟ್ಟಿದೆ, ಹಿಂದೆ ಬಿದಿರಿಗೆ ಕೂರುವ ಹಾಗೆ ಬಾಲ ಎಳೆದೆ. ಎಣ್ಣೆಗೆ ಅದ್ದಿ ಅರ ಹಾಕಿದರೆ ಅರ ಜಾರಬೇಕಲ್ವಾ? ಕರಕರ ಅಂತ ಕಚ್ಚಿತು. ಎಣ್ಣೆ ಸರಿ ಇಲ್ಲ ಅಂದುಕೊಂಡು ನೀರಿಗೆ ಅದ್ದಿದೆ. ಮತ್ತೆ ಕಚ್ಚಿತು. ಬಾಳೆಗಿಡ ತಾನೆ, ಸಾಕು ಅಂತ ಬಿಟ್ಟೆ.

ಹಬ್ಬದ ದಿನ ಮೊದಲ ಅಂಬು ಗೌಡ್ರದು. ಗುರಿ ತಪ್ಪಿ ಹಿಂದಿನ ಹಲಸಿನ ಮರಕ್ಕೆ ಹೋಗಿ ಬಡಿಯಿತು. ಹುಡುಗರು ಓಡಿಹೋಗಿ ತಂದರು. ಮೊನೆ ಮಡಚಿಕೊಂಡು ಕೊಕ್ಕೆಯಾಗಿತ್ತು. ಗೌಡ್ರು ಅದನ್ನು ಬೆಳಕಿಗೆ ಹಿಡಿದು, "ಲೇ, ಇದು ಅಂಬೋ ಗಾಳವೋ? ಮೀನ್ ಹಿಡ್ಯಕ್ ಮಾಡಿದ್ದೇನೋ?" ಅಂದರು. ಊರಿಗೆ ಊರೇ ನಕ್ಕಿತು. ನನ್ನ ಮಗನೂ ನಕ್ಕ. ಹಳೇಬೀಡಿನ ಗೋಡೆಯ ಮೇಲಿನ ಬಿಲ್ಲುಗಾರರ ಬಾಣ ಬಳಪದ ಕಲ್ಲಿನದು, ಅದಾದರೂ ನನ್ನದಕ್ಕಿಂತ ಗಟ್ಟಿ.

ಉಳಿದ ತುಂಡನ್ನು ಆಗ ಆಚಾರ್ರ ಹತ್ತಿರ ಒಯ್ದೆ. ಅಡಿಗಲ್ಲಿನ ಮೇಲೆ ಬೀಳಿಸಿದರು, ದಪ್ ಅಂತು. ಉಗುರಿನಲ್ಲೇ ಬಣ್ಣ ಕೆರೆದರು. ಕೆಳಗೆ ಬೂದಿ ಬಣ್ಣದ ಹೊಳಪು. "ಕಮಾನ್ ಪಟ್ಟಿಗೆ ಬೋಲ್ಟ್ ತೂತು ನಡುಮಧ್ಯ ಇರ್ತದೆ. ಇದಕ್ಕೆ ನೋಡು, ತುದೀಲಿದೆ. ಟ್ರಾನ್ಸ್‌ಫಾರ್ಮರ್ ಹತ್ರ ನೆಲಕ್ಕೆ ಇಳಿಸ್ತಾರಲ್ಲ, ಆ ಅರ್ಥಿಂಗ್ ಪಟ್ಟಿ ಕಣಪ್ಪ. ಜಿಐ, ಸತುವಿನ ಲೇಪ ಹಾಕಿರೋ ಮೆತ್ತನೆ ಕಬ್ಬಿಣ. ನನ್ಗೊಂದ್ಸಲ ತೋರ್ಸಕ್ ಏನಾಗಿತ್ತು?" ಏನೂ ಆಗಿರಲಿಲ್ಲ. ಜಂಬ.

ಗುಜರಿಯವನಿಗೆ ಫೋನ್ ಮಾಡಿದೆ. "ಗುಜರಿಗೆಲ್ಲ ಗ್ಯಾರಂಟಿ ಇರಲ್ಲ ಸಾರ್." ಜಿಐ ಪಟ್ಟಿಗೆ ಕಪ್ಪು ಬಣ್ಣ ಬಳಿದು ಕೊಟ್ಟಿದ್ದೀಯಲ್ಲ ಅಂದರೆ, "ತುಕ್ಕು ಹಿಡೀಬಾರ್ದು ಅಂತ ಬಳಿದಿದೀವಿ." ತುಕ್ಕು ಹಿಡಿಯಬಾರದು ಅಂತಲೇ ಅಲ್ವಾ ಅದಕ್ಕೆ ಸತುವು ಹಾಕಿರುವುದು! ಮರುದಿನ ತುಂಡು ಹಿಡಿದು ಹಾಸನಕ್ಕೇ ಹೋದೆ. ಆಗ ಮಾತು ಬದಲಾಯಿತು. "ನಾವ್ ಕೊಟ್ಟಾಗ ಚೆನ್ನಾಗಿತ್ತು, ನೀವೇ ಕಾಯ್ಸಿ ಹದ ಕೆಡಿಸಿದೀರ." ನಾನು ದನಿ ಏರಿಸಿದ ಮೇಲೆ, ಪಕ್ಕದಲ್ಲಿ ನಿಂತ ಗಿರಾಕಿಗಳಿಗೆ ಕೇಳುವ ಹಾಗೆ, "ಬಾಣ ಮಾಡಕ್ಕೆ ಅಂತ ಹೇಳಿದ್ರೆ ಕೊಡ್ತಾನೇ ಇರ್ಲಿಲ್ಲ ಸಾರ್. ಶಿಕಾರಿ ಕೇಸಾದ್ರೆ ನಾವ್ ಸ್ಟೇಷನ್ನಿಗೆ ಅಲೀಬೇಕಾ?" ಅಂದ. ಹಬ್ಬದ ಅಂಬಿಗೆ ಅಂತ ಮೊದಲ ದಿನವೇ ಹೇಳಿದ್ದೆ. "ಒಳ್ಳೆ ಕೆಲ್ಸ ಸಾರ್" ಅಂದವನೂ ಇವನೇ. ಈಗ ಎಲ್ಲರೂ ನನ್ನನ್ನೇ ಕಾಡುಹಂದಿ ಕಳ್ಳನ ಹಾಗೆ ನೋಡಿದರು. ಕೊನೆಗೆ "ಬೇಕಾದ್ರೆ 100 ರೂಪಾಯಿಗೆ ವಾಪಸ್ ತಗೋತೀನಿ" ಅಂದ. ಕೊಡಲಿಲ್ಲ. ಇನ್ನೊಬ್ಬನಿಗೆ ಮಾರುತ್ತಾನೆ.

ಹಾಗಾಗಿ, ಬಣ್ಣ ಬಳಿದ ಪಟ್ಟಿ ಮುಟ್ಟಲೇಬೇಡಿ. ಬಾಗು ಇರಲಿ, ನಡುವೆ ತೂತಿರಲಿ. ಗ್ರೈಂಡರ್‌ಗೆ ಕೊಡಿಸಿ. ಒಳ್ಳೆ ಉಕ್ಕಾದರೆ ಕಿಡಿ ತುದಿಯಲ್ಲಿ ಸುರುಸುರುಬತ್ತಿಯ ಹಾಗೆ ಒಡೆದು ಕವಲಾಗುತ್ತದೆ, ಮೆತ್ತನೆ ಕಬ್ಬಿಣದ ಕಿಡಿ ಉದ್ದಕ್ಕೆ ಗೀಟೆಳೆದ ಹಾಗೆ ಹೋಗುತ್ತದೆ. ಕರೆಂಟ್ ಇಲ್ಲ ಅಂದರೆ ತಲೆ ಎತ್ತಿ ಫ್ಯಾನ್ ನೋಡಿ. ಬಿಳೀ ಹೊಗೆ ಎದ್ದರೆ ಪಟ್ಟಿ ಉರಿಯಿಂದ ತೆಗೆದು ದೂರ ಹೋಗಿ, ನನ್ನ ಹಾಗೆ ಬಗ್ಗಿ ನೋಡಬೇಡಿ.

ಅಂಗಡಿ ಹೆಸರು ಹಾಕುತ್ತಿಲ್ಲ, ಬಿಲ್ಲಿಲ್ಲದೆ ನನ್ನ ಮಾತಿಗೆ ಸಾಕ್ಷಿ ಇಲ್ಲ. ಮುಂದಿನ ವರ್ಷದ ಮೊನೆಗೆ ನಮ್ಮೂರ ಗ್ಯಾರೇಜಿನ ಹುಡುಗ ಮುರಿದ ಜೀಪ್ ಪಟ್ಟಿ ಒಂದನ್ನು ಸುಮ್ನೆ ಕೊಟ್ಟಿದ್ದಾನೆ. ಆಚಾರ್ರು ಪಕ್ಕದಲ್ಲಿ ಕೂತು ಹೇಳಿಕೊಡುತ್ತಾರಂತೆ. ಗೌಡ್ರು ಮಾತ್ರ ಈಗಲೂ ದಾರಿಯಲ್ಲಿ ಸಿಕ್ಕರೆ, ಮೀನು ಬಿತ್ತೇನೋ ಅಂತಲೇ ಕೇಳುತ್ತಾರೆ.