ಸೀಟಿನ ಎತ್ತರಕ್ಕೆ ಹೆದರಬೇಡಿ, ತೂಕ ನೋಡಿ: ಎಕ್ಸ್‌ಪಲ್ಸ್ 200 4ವಿ ಬಳಸಿದ ಮೇಲೆ

ನನ್ನ ಎತ್ತರ ಐದಡಿ ನಾಲ್ಕಿಂಚು. ಊರು ಚಿತ್ರದುರ್ಗ. ತೋಟಗಳಿಗೆ ಡ್ರಿಪ್ ಹಾಕಿಸುವುದು, ಅದು ಕೈಕೊಟ್ಟಾಗ ಹೋಗಿ ನೋಡುವುದು ನನ್ನ ಕೆಲಸ. ಹೊಳಲ್ಕೆರೆ ಕಡೆ ಅಡಿಕೆ, ಹೊಸದುರ್ಗದ ಕಡೆ ದಾಳಿಂಬೆ, ದಾವಣಗೆರೆ ಕಡೆ ಭದ್ರಾ ಚಾನಲ್ ಪಕ್ಕದ ತೋಟಗಳು. ಹಾಗಾಗಿ ನನ್ನ ಗಾಡಿ ಡಾಂಬರಿಗಿಂತ ಹೊಲದ ದಾರಿಯಲ್ಲೇ ಜಾಸ್ತಿ ಓಡುತ್ತದೆ. ಇರುವುದು ಹೀರೋ ಎಕ್ಸ್‌ಪಲ್ಸ್ 200 4ವಿ ಬೈಕು, 2023ರ ಮಾದರಿ. ಮಳೆ, ಗಾಳಿ, ಬಿಸಿಲು ಎಲ್ಲದರಲ್ಲೂ ಓಡಿಸಿದ್ದೇನೆ.

ಪೆಟ್ರೋಲ್ ಬಂಕಲ್ಲಿ ನಿಂತರೆ ಸಾಕು, ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಅಣ್ಣ, ಕಾಲು ಎಟುಕುತ್ತಾ?" ಮೈಲೇಜಿನ ಪ್ರಶ್ನೆ ಆಮೇಲೆ ಬರುತ್ತದೆ. ಎಟುಕುತ್ತದೆ, ಆದರೆ ಪೂರ್ತಿ ಇಲ್ಲ. ಎರಡೂ ಕಡೆ ಊರಿದರೆ ಮುಂಗಾಲು ಮಾತ್ರ ನೆಲಕ್ಕೆ ತಾಗುತ್ತದೆ, ಹಿಮ್ಮಡಿ ಮೇಲೇ ಇರುತ್ತದೆ. ಸೀಟಿನ ಮೇಲೆ ಸ್ವಲ್ಪ ಎಡಕ್ಕೆ ಜರುಗಿದರೆ ಎಡಗಾಲು ಪೂರ್ತಿ ಊರುತ್ತದೆ, ಬಲಗಾಲು ಹಿಂದಿನ ಬ್ರೇಕ್ ಮೇಲಿರುತ್ತದೆ. ಸಿಗ್ನಲ್ಲಿರಲಿ, ತೋಟದ ಗೇಟಿರಲಿ, ನಾನು ನಿಲ್ಲುವುದೇ ಹೀಗೆ. ಎರಡೂ ಪಾದ ಪೂರ್ತಿ ಊರಲೇಬೇಕು ಅನ್ನುವವರು ಸ್ಕೂಟರ್ ತಗೊಳ್ಳಬಹುದು, ಅದರಲ್ಲೇನೂ ತಪ್ಪಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಎಕ್ಸ್‌ಪಲ್ಸ್ ಸೀಟಿನ ಎತ್ತರ 825 ಮಿಲಿಮೀಟರ್, ತೂಕ 158 ಕೆಜಿ ಆಸುಪಾಸು. ರಾಯಲ್ ಎನ್‌ಫೀಲ್ಡ್‌ನ ಹಳೆಯ ಹಿಮಾಲಯನ್ 411ರ ಸೀಟು 800 ಮಿಲಿಮೀಟರ್, ತೂಕ 199 ಕೆಜಿ. ಕುಳ್ಳಗಿರುವವರಿಗೆ ಎಲ್ಲರೂ ಹೇಳುವುದು ಈ ಎರಡನೆಯದನ್ನೇ. "ಸೀಟು ತಗ್ಗು, ಆರಾಮಾಗಿ ಕಾಲು ಸಿಗುತ್ತೆ" ಅಂತ. ನಿಜ, ಶೋರೂಮಿನ ಟೈಲ್ಸ್ ಮೇಲೆ ಸಿಗುತ್ತದೆ. ಆ ಎರಡೂವರೆ ಸೆಂಟಿಮೀಟರ್ ತಗ್ಗಿನ ಜೊತೆಗೆ 40 ಕೆಜಿ ತೂಕವೂ ಬರುತ್ತದಲ್ಲ, ಅದನ್ನು ಯಾರೂ ಹೇಳುವುದಿಲ್ಲ. ಯೂರಿಯಾ ಮೂಟೆ 45 ಕೆಜಿ. ಹತ್ತಿರ ಹತ್ತಿರ ಒಂದು ಮೂಟೆ ಸದಾ ಗಾಡಿ ಮೇಲಿದ್ದಂತೆ ಅಂದುಕೊಳ್ಳಿ. ನಾನು ಎರಡನ್ನೂ ಓಡಿಸಿ ನೋಡಿದೆ. ಹಿಮಾಲಯನ್ ಒಳ್ಳೇ ಗಾಡಿ, ಓಡುವಾಗ ತೂಕ ಗೊತ್ತಾಗುವುದಿಲ್ಲ. ನಿಲ್ಲಿಸುವಾಗ, ತಿರುಗಿಸುವಾಗ ಗೊತ್ತಾಗುತ್ತದೆ. ನನ್ನ ಕೆಲಸದಲ್ಲಿ ನಿಲ್ಲಿಸುವುದು, ತಿರುಗಿಸುವುದೇ ಜಾಸ್ತಿ.

ಚಾನಲ್ ಏರಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆಗೆ ಇಳಿಜಾರು, ನಡುವೆ ಒಂದು ಟ್ರ್ಯಾಕ್ಟರಿಗಾಗುವಷ್ಟು ಮಣ್ಣಿನ ದಾರಿ. ಒಂದು ಸಲ ಎದುರಿಗೆ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರ್ ಬಂತು. ಅವನು ಹಿಂದಕ್ಕೆ ಹೋಗುವ ಹಾಗಿಲ್ಲ, ನಾನೇ ಅಂಚಿಗೆ ಸರಿದು ನಿಲ್ಲಿಸಿದೆ. ಎಡಗಾಲು ಊರಿದ ಕಡೆ ಹುಲ್ಲು ಎದ್ದಿತ್ತು, ಹುಲ್ಲಿನ ಕೆಳಗೆ ನೆಲ ಇರಲಿಲ್ಲ. ಕಾಲು ಅರ್ಧ ಅಡಿ ಕೆಳಗೆ ಹೋಯಿತು, ಗಾಡಿ ಎಡಕ್ಕೆ ವಾಲಿತು. ಎಡತೊಡೆಗೆ ಟ್ಯಾಂಕ್ ಒತ್ತಿ ಹಿಡಿದು, ಹ್ಯಾಂಡಲ್ ಬಲಕ್ಕೆ ಎಳೆದು, ಬಲಗಾಲನ್ನು ಸೀಟಿನ ಮೇಲಿಂದ ದಾಟಿಸಿ ಇಳಿದೇ ಬಿಟ್ಟೆ. ಗಾಡಿ ಬೀಳಲಿಲ್ಲ. ಟ್ರ್ಯಾಕ್ಟರ್‌ನವನು ಮೇಲಿಂದಲೇ "ಹುಷಾರಣ್ಣ" ಅಂದ, ಅಷ್ಟೇ. ಅಲ್ಲಿ 800 ಮಿಲಿಮೀಟರ್ ಸೀಟು ಇದ್ದಿದ್ದರೂ ನನ್ನ ಕಾಲಿಗೆ ನೆಲ ಸಿಗುತ್ತಿರಲಿಲ್ಲ. ಐದಡಿ ಎಂಟಿಂಚಿನವನಿಗೂ ಸಿಗುತ್ತಿರಲಿಲ್ಲ. ಆ ಹೊತ್ತಿಗೆ ಲೆಕ್ಕಕ್ಕೆ ಬರುವುದು ಒಂದೇ: ವಾಲಿದ ಗಾಡಿಯನ್ನು ಒಬ್ಬರೇ ತಡೆದು ನಿಲ್ಲಿಸಲು ಆಗುತ್ತದಾ, ಇಲ್ಲವಾ.

ಅದಕ್ಕೇ ಹೇಳುವುದು, ಗಾಡಿ ನೋಡಲು ಹೋದಾಗ ಶೋರೂಮಿನ ಒಳಗೆ ಹತ್ತಿ ಕೂತು ತೀರ್ಮಾನ ಮಾಡಬೇಡಿ. ಹೊರಗೆ ತರಿಸಿ. ರಸ್ತೆಯ ಅಂಚಿನ ಇಳಿಜಾರಿನಲ್ಲಿ ಅಡ್ಡಕ್ಕೆ ನಿಲ್ಲಿಸಿ ನೋಡಿ. ಎಂಜಿನ್ ಆಫ್ ಮಾಡಿ, ಕೆಳಗಿಳಿದು ತಳ್ಳಿಕೊಂಡೇ ಒಂದು ಸುತ್ತು ತಿರುಗಿಸಿ. ದಿನಾ ಹಾಕುವ ಚಪ್ಪಲಿಯೋ ಶೂವೋ ಅದನ್ನೇ ಹಾಕಿಕೊಂಡು ಹೋಗಿ. ದಪ್ಪ ಅಟ್ಟೆಯ ಬೂಟು ಹಾಕಿದರೆ ಒಂದು ಇಂಚು ಹಾಗೇ ಸಿಗುತ್ತದೆ, ಕಾಲಿಗೂ ರಕ್ಷಣೆ. ಟೆಸ್ಟ್ ರೈಡ್ ಅಂತ ಸುಮ್ನೆ ಹೈವೇಲಿ ಎರಡು ಕಿಲೋಮೀಟರ್ ಹೋಗಿ ಬಂದರೆ ಏನೂ ತಿಳಿಯುವುದಿಲ್ಲ.

ಎತ್ತರಕ್ಕಿಂತ ಕಾಲಿನ ಉದ್ದ ಮುಖ್ಯ. ಇದನ್ನು ಮನೆಯಲ್ಲೇ ಅಳೆಯಬಹುದು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಸಂದಿಗೆ ಗಟ್ಟಿ ರಟ್ಟಿನ ಪುಸ್ತಕ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲಕ್ಕೆ ಟೇಪ್ ಹಿಡಿಯಿರಿ. ನನ್ನದು 73 ಸೆಂಟಿಮೀಟರ್. ನನ್ನಷ್ಟೇ ಎತ್ತರದ ತಮ್ಮನದು ಮೂರು ಸೆಂಟಿಮೀಟರ್ ಜಾಸ್ತಿ. ಇದೇ ಗಾಡಿ ಮೇಲೆ ಅವನು ನನಗಿಂತ ಆರಾಮಾಗಿ ನಿಲ್ಲುತ್ತಾನೆ.

73 ಸೆಂಟಿಮೀಟರ್ ಕಾಲಿಗೆ ಎಂಬತ್ತೆರಡೂವರೆ ಸೆಂಟಿಮೀಟರ್ ಸೀಟು ಹೇಗೆ ಹೊಂದುತ್ತದೆ ಅಂತ ಕೇಳಬಹುದು. ಕಂಪನಿ ಬರೆಯುವುದು ಸಾಮಾನ್ಯವಾಗಿ ಖಾಲಿ ನಿಂತ ಗಾಡಿಯ ಅಳತೆ. ನೀವು ಕೂತ ತಕ್ಷಣ ಸಸ್ಪೆನ್ಷನ್ ಕುಗ್ಗುತ್ತದೆ. ಎಕ್ಸ್‌ಪಲ್ಸ್‌ನಲ್ಲಿ ಮುಂದೆ 190, ಹಿಂದೆ 170 ಮಿಲಿಮೀಟರ್ ಸಸ್ಪೆನ್ಷನ್ ಓಟ, ಅಂದರೆ ಕುಗ್ಗುವ ದೂರ ಇದೆ. ಅದರಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕೂತಾಗಲೇ ಕುಗ್ಗಬೇಕು, ಅದು ಸರಿಯಾದ ಸೆಟ್ಟಿಂಗ್. ಅಲ್ಲಿಗೆ ನಾಲ್ಕೈದು ಸೆಂಟಿಮೀಟರ್ ಸಿಕ್ಕಿತು. ಉಳಿದದ್ದು ಬೂಟು, ಮುಂಗಾಲು, ಆ ಎಡಕ್ಕೆ ಜರುಗುವ ಅಭ್ಯಾಸ. ಸಣಕಲು ಮೈಯವರು ಒಂದು ವಿಷಯ ನೆನಪಿಡಿ. ನಿಮ್ಮ ತೂಕ ಕಮ್ಮಿ ಇದ್ದರೆ ಗಾಡಿ ಅಷ್ಟು ಕುಗ್ಗುವುದಿಲ್ಲ, ಸೀಟು ಎತ್ತರವಾಗಿಯೇ ಉಳಿಯುತ್ತದೆ. ಹಿಂದಿನ ಶಾಕ್‌ನ ಪ್ರೀಲೋಡ್, ಅಂದರೆ ಸ್ಪ್ರಿಂಗಿನ ಬಿಗಿ, ಒಂದೆರಡು ಮೆಟ್ಟಿಲು ಸಡಿಲ ಮಾಡಿಸಿ ನೋಡಿ. ಖರ್ಚಿಲ್ಲ, ಹಿಡಿಸದಿದ್ದರೆ ವಾಪಸ್ ಮಾಡಿಸಬಹುದು. ಸೀಟಿನ ಅಗಲವೂ ಹೀಗೇ ಆಟ ಆಡುತ್ತದೆ. ಅಗಲ ಸೀಟು ತೊಡೆಗಳನ್ನು ಹೊರಕ್ಕೆ ತಳ್ಳುವುದರಿಂದ ಕಾಲು ನೇರ ಇಳಿಯುವುದಿಲ್ಲ. ಎಕ್ಸ್‌ಪಲ್ಸ್ ಸೀಟು ಟ್ಯಾಂಕಿನ ಹತ್ತಿರ ಕಿರಿದು. ನಿಲ್ಲಿಸುವಾಗ ಮುಂದಕ್ಕೆ ಜಾರಿಕೊಂಡರೆ ಸಲೀಸು.

ಇಷ್ಟಾದರೂ ಸಾಲದು ಅಂತ ಕೆಲವರು ಗಾಡಿಯನ್ನೇ ತಗ್ಗಿಸುತ್ತಾರೆ. ಪರಿಚಯದವರೊಬ್ಬರು ಕುಶನ್ ಅಂಗಡಿಯಲ್ಲಿ ಸೀಟಿನ ಫೋಮ್ ಕೊಯ್ಸಿದರು. ಒಂದು ಇಂಚು ಸಿಕ್ಕಿತು, ಆದರೆ ಈಗ ಬೆಂಗಳೂರಿಗೆ ಹೊರಟರೆ ಸಿರಾ ದಾಟುವಷ್ಟರಲ್ಲೇ ಕೂರಲಾಗದೆ ಇಳಿದು ನಿಲ್ಲುತ್ತಾರೆ. ಇನ್ನೊಂದು ದಾರಿ ಹಿಂದಿನ ಲಿಂಕೇಜ್, ಅಂದರೆ ಶಾಕನ್ನು ಜೋಡಿಸುವ ಕೊಂಡಿ ಬದಲಿಸುವುದು. ಅದನ್ನು ನಾನು ಯಾರಿಗೂ ಹೇಳುವುದಿಲ್ಲ. 220 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್‌ಗಾಗಿ ಗಾಡಿ ತಗೊಂಡು, ಅದನ್ನೇ ಕಳೆದುಕೊಂಡರೆ ಏನು ಬಂತು? ಮುಂದಿನ ಫೋರ್ಕನ್ನು ಹೊಂದಿಸದಿದ್ದರೆ ಹ್ಯಾಂಡಲ್ ತಿರುಗುವ ರೀತಿಯೂ ಬದಲಾಗುತ್ತದೆ. ಸೈಡ್ ಸ್ಟ್ಯಾಂಡಿನ ಉದ್ದ ಮಾತ್ರ ಹಳೆಯದೇ. ಗಾಡಿ ತಗ್ಗಿತು, ಸ್ಟ್ಯಾಂಡ್ ಉದ್ದವಾಯಿತು, ಗಾಡಿ ಹೆಚ್ಚುಕಮ್ಮಿ ನೆಟ್ಟಗೆ ನಿಲ್ಲುತ್ತದೆ. ನಮ್ಮೂರ ಆಷಾಢದ ಗಾಳಿಗೆ ಹಾಗೆ ನಿಂತ ಗಾಡಿ ಬಲಕ್ಕೆ ಉರುಳಲು ಎಷ್ಟು ಹೊತ್ತು ಬೇಕು?

ಗಾಳಿಯ ಮಾತು ಬಂತು, ಈಗ ಎಕ್ಸ್‌ಪಲ್ಸ್ ಸೋಲುವ ಜಾಗಕ್ಕೆ ಹೋಗೋಣ. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೈವೇಲಿ ಬಂದರೆ ಗಾಳಿ ಎಡಗಡೆಯಿಂದ ಹೊಡೆಯುತ್ತದೆ. ಹಗುರ ಗಾಡಿ, ಎತ್ತರದ ಮೈ, ಮುಂದೆ 21 ಇಂಚಿನ ಚಕ್ರ. ಲಾರಿಯನ್ನು ಬಲಗಡೆಯಿಂದ ದಾಟುವಾಗ ಅದರ ಮರೆಯಲ್ಲಿ ಗಾಳಿ ನಿಂತು ಹೋಗುತ್ತದೆ, ನೀವು ಎಡಕ್ಕೆ ವಾಲಿಸಿದ್ದ ಗಾಡಿ ಲಾರಿ ಕಡೆಗೇ ಸರಿಯುತ್ತದೆ. ಲಾರಿಯ ಮೂತಿ ದಾಟಿದ ಕೂಡಲೇ ಗಾಳಿ ಮತ್ತೆ ಗುದ್ದುತ್ತದೆ. ಭುಜ ಸಡಿಲ ಬಿಟ್ಟು, ಟ್ಯಾಂಕನ್ನು ಮೊಣಕಾಲಲ್ಲಿ ಹಿಡಿದು, ಲಾರಿಯಿಂದ ಒಂದು ಮಾರು ದೂರ ಇಟ್ಟುಕೊಂಡೇ ದಾಟಬೇಕು. ಇಲ್ಲಿ ಹಿಮಾಲಯನ್‌ನ ತೂಕ ಕೆಲಸಕ್ಕೆ ಬರುತ್ತದೆ, ಒಪ್ಪುತ್ತೇನೆ.

ಶಕ್ತಿಯೂ ಅಷ್ಟೇ. ಸುಮಾರು 19 ಪಿಎಸ್, ಐದು ಗೇರು. 80ರವರೆಗೆ ಆರಾಮ. 90 ದಾಟಿದರೆ ಎಂಜಿನ್ ಓಡುತ್ತದೆ, ಆದರೆ ಆರನೇ ಗೇರಿಗೆ ಕಾಲು ತಾನಾಗೇ ಹೋಗುತ್ತದೆ, ಅದು ಇಲ್ಲ. ವರ್ಷಕ್ಕೆ ನಾಲ್ಕಾರು ಸಲ ಬೆಂಗಳೂರಿಗೆ ಹೋಗುವ ನನಗೆ 200 ಕಿಲೋಮೀಟರ್ ಹೀಗೆ ಹೋಗುವುದು ಕಷ್ಟವಲ್ಲ. ವಾರ ವಾರ ಹೋಗುವವರಿಗೆ ಬೇಸರ ಬರುತ್ತದೆ. ಮೈಲೇಜು 80ರ ಒಳಗಿದ್ದರೆ ಲೀಟರಿಗೆ 40ರ ಹತ್ತಿರ, ಹೊಲದ ದಾರಿಯಲ್ಲಿ ಅದಕ್ಕಿಂತ ಕಮ್ಮಿ. ಟ್ಯಾಂಕ್ 13 ಲೀಟರ್.

ಹಿಂದೆ ಒಬ್ಬರು ಕೂತರೆ ಲೆಕ್ಕ ಬೇರೆಯಾಗುತ್ತದೆ. 2025ರ ಜನವರಿಯಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಹೆಂಡತಿಯನ್ನು ಕೂರಿಸಿಕೊಂಡು ನೋಡಲು ಹೋಗಿದ್ದೆ. 1933 ಆದ ಮೇಲೆ ಕೋಡಿ ಬಿದ್ದಿದ್ದು 2022ರಲ್ಲಿ, ಅದಾದ ಮೇಲೆ ಆಗಲೇ. ಜನ ಬಿಡುತ್ತಾರಾ? ದಾರಿ ತುಂಬ ಕಾರು, ಬೈಕು, ಕಬ್ಬಿನ ಹಾಲಿನ ಗಾಡಿ. ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕು. ಇಬ್ಬರು ಕೂತರೆ ಸಸ್ಪೆನ್ಷನ್ ಇನ್ನಷ್ಟು ಕುಗ್ಗಿ ನನ್ನ ಕಾಲು ಚೆನ್ನಾಗಿಯೇ ಊರುತ್ತದೆ. ಆದರೆ ಹಿಂದೆ ಕೂತವರ ತೂಕ ಮೇಲಿರುತ್ತದೆ, ಅವರು ಅತ್ತಿತ್ತ ನೋಡಲು ತಿರುಗಿದರೆ ಗಾಡಿಯೂ ತಿರುಗುತ್ತದೆ. ಸೀರೆ ಉಟ್ಟವರಿಗೆ ಇದನ್ನು ಹತ್ತುವುದೇ ಒಂದು ಸಾಹಸ. ಫುಟ್‌ಪೆಗ್ ಮೇಲೆ ಕಾಲಿಟ್ಟು, ನನ್ನ ಭುಜ ಹಿಡಿದು ಹತ್ತಬೇಕು, ಆಗ ನಾನು ಎರಡೂ ಕಾಲು ಊರಿ ತಯಾರಿರಬೇಕು. ದಿನಾ ಇಬ್ಬರೇ ಓಡಾಡುವುದಾದರೆ ಸಾಹಸದ ಗಾಡಿಗಳ ಗೊಡವೆಯೇ ಬೇಡ ಅನ್ನುವುದು ನನ್ನ ಹೆಂಡತಿಯ ವಿಮರ್ಶೆ. ಅದನ್ನೂ ಇಲ್ಲಿ ಸೇರಿಸಿದ್ದೇನೆ.

ಮುಳ್ಳಿನ ಬಗ್ಗೆ ಹೇಳಲೇಬೇಕು. ಚಳ್ಳಕೆರೆ, ಹಿರಿಯೂರು ಕಡೆ ಬಳ್ಳಾರಿ ಜಾಲಿ ಎಲ್ಲೆಲ್ಲೂ ಇದೆ. ಬೇಲಿ ಸವರಿ ದಾರಿಗೆ ಎಸೆದಿದ್ದರೆ ಮುಗೀತು. ಎಕ್ಸ್‌ಪಲ್ಸ್‌ಗೆ ಕಡ್ಡಿ ಚಕ್ರ, ಟ್ಯೂಬ್ ಇರುವ ಟೈರು. ಟ್ಯೂಬ್‌ಲೆಸ್ ಥರ ಗಾಳಿ ಮೆಲ್ಲಗೆ ಇಳಿಯುವುದಿಲ್ಲ, ನೋಡನೋಡುತ್ತಿದ್ದಂತೆ ಕೂತು ಬಿಡುತ್ತದೆ. ಹಳ್ಳಿಯ ಪಂಚರ್ ಅಂಗಡಿಯಲ್ಲಿ 21 ಇಂಚಿನ ಟ್ಯೂಬ್ ಸಿಗುವುದು ಕಷ್ಟ. ನಾನು ಅದೊಂದನ್ನು ಬ್ಯಾಗಲ್ಲಿ ಇಟ್ಟೇ ಇರುತ್ತೇನೆ. ತುರ್ತಿಗೆ ಹಿಂದಿನ 18 ಇಂಚಿನ ಚಕ್ರಕ್ಕೂ ಅದನ್ನೇ ತುರುಕಿ ಊರು ಸೇರಬಹುದು. ಜೊತೆಗೆ ಎರಡು ಟೈರ್ ಲಿವರ್, ಒಂದು ಪಂಪು. ಸಾಮಾನು ಬಿಚ್ಚಿ ಬಿಸಿಲಲ್ಲಿ ಕೂತು ಟೈರು ಕೀಳುವ ತಾಳ್ಮೆ ಇಲ್ಲದವರು ಅಲಾಯ್ ಚಕ್ರದ ಗಾಡಿಯನ್ನೇ ನೋಡಿ.

ಎರೆಮಣ್ಣಿನ ಸೀಮೆಯಲ್ಲಿ, ಅಂದರೆ ಜಗಳೂರಿನ ಕಡೆ, ಒಂದು ಒಳ್ಳೇ ಮಳೆ ಬಿದ್ದ ಮೇಲೆ ಯಾವ ಗಾಡಿಯೂ ಗಾಡಿಯಲ್ಲ. ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರವೇ ಕಟ್ಟಿಹೋಗುತ್ತದೆ. ಇಳಿದು, ಕಡ್ಡಿಯಲ್ಲಿ ಕೆರೆದು, ತಳ್ಳಬೇಕು. ಆಗಲೂ ತೂಕ ಕಮ್ಮಿಯಿದ್ದವರೇ ಬೇಗ ಮನೆ ಸೇರುತ್ತಾರೆ. ಗುಡ್ಡದ ಗರಸಿನ ಇಳಿಜಾರಿಗೆ, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ನಲ್ಲಿ ರೋಡ್, ಆಫ್‌ರೋಡ್, ರ‍್ಯಾಲಿ ಅಂತ ಮೂರು ಮೋಡ್ ಇವೆ. ನಾನು ಆಫ್‌ರೋಡ್ ಬಿಟ್ಟು ಮುಂದೆ ಹೋಗಿಲ್ಲ, ಅವಶ್ಯಕತೆ ಬಂದಿಲ್ಲ.

ಎತ್ತರದವರಿಗೆ ಈ ಗಾಡಿ ಹೇಗೆ? ದಾವಣಗೆರೆಯ ಗೆಳೆಯ ಐದಡಿ ಹನ್ನೊಂದಿಂಚು. ನನ್ನ ಗಾಡಿ ಮೇಲೆ ಎದ್ದು ನಿಂತು ಓಡಿಸಿದರೆ ಹ್ಯಾಂಡಲ್ ಕೆಳಗಾಗಿ ಅವನ ಸೊಂಟ ಬಗ್ಗುತ್ತದೆ. ಹ್ಯಾಂಡಲ್ ಮೇಲೆತ್ತುವ ರೈಸರ್ ಹಾಕಿಸಿದರೆ ಸರಿಹೋಗುತ್ತದೆ, ಆದರೆ ಅವನು ತಗೊಂಡಿದ್ದು ಹಿಮಾಲಯನ್ 450. ಸೀಟು 825ರಿಂದ 845ಕ್ಕೆ ಏರಿಸಬಹುದು, 40 ಪಿಎಸ್, 196 ಕೆಜಿ. ಅವನ ಓಡಾಟ ಹುಬ್ಬಳ್ಳಿ, ಗೋವಾ. ಅವನಿಗೆ ಅದೇ ಸರಿ. ನನ್ನ ಹತ್ತಿರ ಅದಿದ್ದರೆ ಚಾನಲ್ ಏರಿಗೆ ಹೋಗುವಾಗ ಹಳೇ ಮೊಪೆಡ್ ಹುಡುಕುತ್ತಿದ್ದೆ. ಆರಡಿ ದಾಟಿದವರು, ಗುಡ್ಡ ಹತ್ತುವುದೇ ಹವ್ಯಾಸ ಅನ್ನುವವರು ಎಕ್ಸ್‌ಪಲ್ಸ್‌ನ ಪ್ರೊ ನೋಡಬಹುದು. ಅದರ ಸೀಟು 891 ಮಿಲಿಮೀಟರ್, ನಾನು ಹತ್ತಬೇಕಾದರೆ ಕಲ್ಲುಬೆಂಚು ಬೇಕು.

ಡಾಂಬರು ಜಾಸ್ತಿ, ಮಣ್ಣು ಅಪರೂಪ ಅನ್ನುವವರಿಗೆ ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ ಹೇಳುತ್ತೇನೆ. 249 ಸಿಸಿ, ಆರು ಗೇರು, ಮುಂದೆ 19 ಇಂಚಿನ ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರು. ಸೀಟು 835, ತೂಕ 167 ಕೆಜಿ. ಸೀಟು ನನ್ನದಕ್ಕಿಂತ ಒಂದು ಸೆಂಟಿಮೀಟರ್ ಎತ್ತರ ಅಂತ ಬಿಡಬೇಡಿ, ಕೂತು ನೋಡಿ. ಹಳೆಯ ಕೆಟಿಎಂ 390 ಅಡ್ವೆಂಚರ್‌ನ 855 ಮಾತ್ರ ನನ್ನ ಕಾಲಿಗೆ ಜಾಸ್ತಿಯೇ ಆಯಿತು. ಊರೊಳಗೆ ಅದನ್ನು ನಿಲ್ಲಿಸುವಾಗಲೆಲ್ಲ ರಸ್ತೆಯ ಯಾವ ಕಡೆ ಎತ್ತರ ಇದೆ ಅಂತ ಹುಡುಕುತ್ತಿದ್ದೆ.

ಹೀರೋದವರು 2025ರಲ್ಲಿ ಎಕ್ಸ್‌ಪಲ್ಸ್ 210 ತಂದಿದ್ದಾರೆ. ಲಿಕ್ವಿಡ್ ಕೂಲಿಂಗ್, ಆರು ಗೇರು. ನಾನು ಕೇಳುತ್ತಿದ್ದ ಆರನೇ ಗೇರು ಅದರಲ್ಲಿದೆ, ಹಾಗಾಗಿ ಹೊಸದಾಗಿ ತಗೊಳ್ಳುವವರು ಮೊದಲು ಅದನ್ನೇ ನೋಡಿ. ಹಳೇದು ಸಾಕು ಅನ್ನುವವರಿಗೆ ಸೆಕೆಂಡ್ ಹ್ಯಾಂಡಲ್ಲಿ 4ವಿ ಸಿಗುತ್ತದೆ. ಕಡ್ಡಿಗಳು ಸಡಿಲ ಇವೆಯಾ, ಸ್ಟೀರಿಂಗ್ ಬೇರಿಂಗ್ ಕಟಕಟ ಅನ್ನುತ್ತದಾ, ಎಂಜಿನ್ ಕೆಳಗಿನ ಪ್ಲೇಟು ಎಷ್ಟು ಜಜ್ಜಿದೆ, ಇಷ್ಟು ನೋಡಿ. ನನ್ನ ಗಾಡಿಯ ಪ್ಲೇಟು ಚೆನ್ನಾಗಿಯೇ ಜಜ್ಜಿದೆ. ಮಾರುವುದಿಲ್ಲ, ಕೇಳಬೇಡಿ.