ಮಗುವಿಗೆ ಸ್ವಿಂಗ್ ತಗೊಳ್ಳುವ ಮೊದಲು ಡಬ್ಬ ಬಿಚ್ಚಿಸಿ ನೋಡಿ

ಮೈಸೂರಿನ ದೇವರಾಜ ಅರಸು ರಸ್ತೆ ಕಡೆ ಮಗುವಿಗೆ ಸ್ವಿಂಗ್ ನೋಡೋಕೆ ಹೊರಟಿದ್ದರೆ ಮೊದಲು ಇದನ್ನು ಓದಿ. ಅಂಗಡಿ ಹೆಸರು ಹಾಕುವುದಿಲ್ಲ. ಬರೆಯುವಾಗಲೂ ಕೈ ನಡುಗುವಷ್ಟು ಸಿಟ್ಟಿದೆ.

ಮಗುವಿಗೆ ಮೂರು ತಿಂಗಳು. ಕರೆಂಟಿನಲ್ಲಿ ತಾನೇ ತೂಗುವ ಸ್ವಿಂಗ್, 6,800 ರೂಪಾಯಿ. ಡಬ್ಬದ ಮೇಲಿನ ಚಿತ್ರದಲ್ಲಿ ಭುಜಕ್ಕೆ ಎರಡು, ಸೊಂಟಕ್ಕೆ ಎರಡು, ಕಾಲಿನ ನಡುವೆ ಒಂದು ಬೆಲ್ಟ್ ಇತ್ತು. ಬಿಚ್ಚಿ ತೋರಿಸಿ ಅಂದೆ. "ಸೀಲ್ ಒಡೆದರೆ ವಾರಂಟಿ ಹೋಗುತ್ತೆ ಮೇಡಂ" ಅಂದರು. ಆಮೇಲೆ ನಗುತ್ತಾ, "ರಾತ್ರಿ ಪೂರ್ತಿ ಇದರಲ್ಲೇ ಮಲಗಿಸಿ, ನೀವೂ ಆರಾಮಾಗಿ ನಿದ್ದೆ ಮಾಡಬಹುದು" ಅಂದರು.

ರಾತ್ರಿ ಪೂರ್ತಿ! ಈ ಮಾತು ನೆನಪಿಟ್ಟುಕೊಳ್ಳಿ.

ಮನೆಗೆ ತಂದು ಬಿಚ್ಚಿದರೆ ಭುಜದ ಬೆಲ್ಟೇ ಇಲ್ಲ. ಸೀಟಿನ ಬಟ್ಟೆಯಲ್ಲಿ ಬೆಲ್ಟ್ ಹಾಯಿಸುವ ಎರಡು ಸೀಳು ಇದ್ದವು. ಎರಡನ್ನೂ ಅದೇ ಬಣ್ಣದ ದಾರದಲ್ಲಿ ಹೊಲಿದು ಮುಚ್ಚಿದ್ದರು. ಬೆರಳಾಡಿಸಿದಾಗಷ್ಟೇ ಗೊತ್ತಾಯಿತು. ಎಷ್ಟು ನೀಟಾಗಿ ಹೊಲಿದಿದ್ದಾರೆ ನೋಡಿ, ಅದೇ ನನಗೆ ಜಾಸ್ತಿ ಉರಿ.

ಡಬ್ಬದ ತಳದಲ್ಲಿದ್ದ ಪುಟ್ಟ ಪುಸ್ತಕದಲ್ಲಿ ಏನಿತ್ತು ಗೊತ್ತಾ? ಇದರಲ್ಲಿ ಮಗುವನ್ನು ಮಲಗಿಸಬೇಡಿ. ನಾಲ್ಕು ತಿಂಗಳಾಗಿ ಕತ್ತು ನಿಲ್ಲುವವರೆಗೆ ಸೀಟನ್ನು ಪೂರ್ತಿ ಹಿಂದಕ್ಕೆ ಒರಗಿಸಿಯೇ ಇಡಿ. ನಮ್ಮದು ಒರಗಿ ನಿಲ್ಲುತ್ತಲೇ ಇರಲಿಲ್ಲ. ಹಿಂದೆ ಒರಗಿಸಿದರೆ ಎರಡು ಸಲ ತೂಗುವಷ್ಟರಲ್ಲಿ ಕಟಕ್ ಅಂತ ಮುಂದಕ್ಕೆ ಬರುತ್ತಿತ್ತು. ಮಗು ತೂಕಡಿಸಿತು, ಗದ್ದ ಎದೆಗೆ ಅಂಟಿತು, ಉಸಿರು ಗೊರ ಗೊರ ಅನ್ನತೊಡಗಿತು. ಅತ್ತೆ ಓಡಿಬಂದು ಎತ್ತಿಕೊಂಡರು.

ಮಕ್ಕಳ ಡಾಕ್ಟರ್ ಬೈದಿದ್ದು ಇನ್ನೂ ಕಿವಿಯಲ್ಲಿದೆ. ಹಸುಗೂಸಿನ ತಲೆ ಭಾರ, ಕತ್ತಿಗೆ ಬಲ ಇರಲ್ಲ. ತಲೆ ಮುಂದಕ್ಕೆ ಬಿದ್ದರೆ ಉಸಿರಿನ ದಾರಿ ಮಡಚಿಕೊಳ್ಳುತ್ತೆ, ಅದಕ್ಕೆ ಅಳೋಕೂ ಆಗಲ್ಲ ಅಂದರು. ಅಮೆರಿಕದಲ್ಲಿ 2024ರ ಅಕ್ಟೋಬರಿನಲ್ಲಿ ಸ್ನೂಗಾ ಅನ್ನುವ 20 ಲಕ್ಷಕ್ಕೂ ಹೆಚ್ಚು ಸ್ವಿಂಗ್‌ಗಳಿಗೆ, ಅಪಾಯ ಇದೆ ಅಂತ ರೀಕಾಲ್ ಆಯಿತು. ಅದರಲ್ಲಿ ಮಲಗಿಸಿದ್ದ ಐದು ಕೂಸುಗಳು ಸತ್ತಿದ್ದವು. ಒಂದರಿಂದ ಮೂರು ತಿಂಗಳ ಕೂಸುಗಳು. ನಮ್ಮದರಷ್ಟೇ.

ಅಂಗಡಿಗೆ ಫೋಟೋ ಕಳಿಸಿದೆ. ನೀಲಿ ಟಿಕ್ ಬಿತ್ತು, ಉತ್ತರ ಇಲ್ಲ. ಫೋನ್ ಮಾಡಿದರೆ, "ಚಿತ್ರ ಬರೀ ತೋರಿಸೋಕೆ ಮೇಡಂ." ಸರಿ, ಹೊಲಿದಿದ್ದು ಯಾಕೆ? "ಕಂಪನಿಯಿಂದಲೇ ಹಂಗೆ ಬರುತ್ತೆ." ಸೀಟು ನಿಲ್ಲಲ್ವಲ್ಲ? "ಹಿಂದೆ ಒಂದು ದಿಂಬು ಇಟ್ಟುಬಿಡಿ." ದಿಂಬು! ಸ್ವಿಂಗಿನೊಳಗೆ ದಿಂಬು! ಕೊನೆಗೆ, "ನಿಮ್ಮಜ್ಜಿ ಕಾಲದಲ್ಲಿ ತೊಟ್ಟಿಲಿಗೆ ಬೆಲ್ಟ್ ಇತ್ತಾ ಅಕ್ಕ?" ಅಲ್ಲಪ್ಪ, ಮರದ ತೊಟ್ಟಿಲಲ್ಲಿ ಮಗು ಸಪಾಟಾಗಿ ಅಂಗಾತ ಮಲಗಿರುತ್ತೆ, ಕುರ್ಚಿಯಲ್ಲಿ ಕೂತ ಹಾಗೆ ಇರಲ್ಲ. ಅಷ್ಟು ಹೇಳುವಷ್ಟರಲ್ಲಿ ಫೋನ್ ಇಟ್ಟರು.

ನಮ್ಮನೆಯವರು ಹೋಗಿ ಕೇಳಿದರೆ ಬಿಲ್ಲಿನ ಕೆಳಗಿನ ಸಾಲು ತೋರಿಸಿದರು, ಮಾರಿದ ಮಾಲು ವಾಪಸ್ ಇಲ್ಲ ಅಂತ. 2019ರ ಗ್ರಾಹಕ ಕಾನೂನಿನಲ್ಲಿ, ಬಿಲ್ಲಿನಲ್ಲಿ ಗಡುವು ಬರೆಯದಿದ್ದರೆ ದೋಷ ಇರುವ ಮಾಲನ್ನು 30 ದಿನದೊಳಗೆ ವಾಪಸ್ ತಗೊಳ್ಳಲೇಬೇಕು. ತಗೊಳ್ಳದಿದ್ದರೆ ಅದೇ ತಪ್ಪು. ಹೇಳಿದ್ದಕ್ಕೆ "ಕೋರ್ಟಿಗೆ ಹೋಗಿ ಸಾರ್" ಅಂದರಂತೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇವೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಇಷ್ಟು ಸಣ್ಣ ಮೊತ್ತಕ್ಕೆ ಫೀಸೂ ಇಲ್ಲ, ಅಲ್ಲಿಗೂ ಹೋಗುತ್ತೇವೆ.

ತಗೊಳ್ಳಲೇಬೇಕು ಅನ್ನೋರು ಅಂಗಡಿಯಲ್ಲೇ ಬಿಚ್ಚಿಸಿ. ಐದು ಬೆಲ್ಟ್ ಕೈಯಲ್ಲಿ ಎಳೆದು ನೋಡಿ. ಸೀಟು ಒರಗಿಸಿ, ಭಾರ ಇಟ್ಟು ತೂಗಿಸಿ. ಬಿಚ್ಚಲ್ಲ ಅಂದರೆ ಎದ್ದು ಬನ್ನಿ. ಮಗು ನಿದ್ದೆ ಹೋದ ತಕ್ಷಣ ಎತ್ತಿ ಸಮ ಹಾಸಿಗೆಯಲ್ಲಿ ಅಂಗಾತ ಮಲಗಿಸಿ. "ರಾತ್ರಿ ಪೂರ್ತಿ" ಅಂತ ಯಾರಾದರೂ ಬಾಯಿ ಬಿಟ್ಟರೆ ಅಲ್ಲಿ ಒಂದು ಗಿಲಕಿಯನ್ನೂ ಕೊಳ್ಳಬೇಡಿ.

ದುಡ್ಡು ಇನ್ನೂ ಬಂದಿಲ್ಲ. ಮೊನ್ನೆ ಅದೇ ನಂಬರಿನಿಂದ ಮೆಸೇಜ್ ಬಂತು. ಬೇಬಿ ವಾಕರ್ ಮೇಲೆ ದಸರಾ ಆಫರ್ ಅಂತೆ.